ಕೂಗಿದ ಮೇಲೇ ಒಳಗೆ ಬರುತ್ತಿದ್ದವರು

"ಬಹಳ ಶಾಂತ ಸ್ವಭಾವದವರು. ಯಾರಿಗೂ ಒಂದು ಎದುರು ಮಾತು ಆಡಿದವರಲ್ಲ."

ಹೋದ ತಿಂಗಳು ಚರ್ಚಿನಲ್ಲಿ ಫಾದರ್ ಹೀಗೆ ಓದುತ್ತಿದ್ದಾಗ ನನಗೆ ಮೈ ಉರಿಯಿತು. ಫಾದರ್ ಚಿಕ್ಕ ವಯಸ್ಸಿನವರು, ಈಚೆಗೆ ವರ್ಗವಾಗಿ ಬಂದವರು. ಯಾರೋ ಬರೆದುಕೊಟ್ಟದ್ದನ್ನು ಓದುತ್ತಿದ್ದರು, ಅವರ ತಪ್ಪೇನಿಲ್ಲ. ಆದರೆ ಪೆಟ್ಟಿಗೆಯಲ್ಲಿ ಮಲಗಿದ್ದವರು ನಾನು ಕಂಡ ಹೆಂಗಸರಲ್ಲೆಲ್ಲ ಹೆಚ್ಚು ಸಿಡುಕಿನವರು. ಸತ್ತ ತಕ್ಷಣ ಅವರನ್ನು ಸಾಧುವಾಗಿಸಿಬಿಟ್ಟರೆ ಹೇಗೆ? 'ಸಾಧು' ಎನ್ನುವ ಮಾತು ಕೇಳಿದರೆ ಅವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತಿದ್ದರು.

"ಸಾಧು ಅನ್ನೋದು ಹಸೂಗೆ ಕಣ್ರೀ. ಕೂಸು ಅಂದ್ಮೇಲೆ ಗಲಾಟೆ ಮಾಡ್ಬೇಕು. ಗಲಾಟೆ ಮಾಡ್ದೇ ಇರೋ ಕೂಸು ಕಂಡ್ರೆ ನಂಗೆ ಕೈಕಾಲು ತಣ್ಣಗಾಗ್ತದೆ."

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದು ಅವರೇ ಹೇಳಿದ್ದರು. ಏಕೆ ಎನ್ನುವುದು ಮುಂದೆ ಬರುತ್ತದೆ.

ಊರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಅವರು ನರ್ಸ್ ಆಗಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಚುಚ್ಚುಮದ್ದು ಹಾಕುವ ಕೋಣೆಯಲ್ಲೇ ಕೆಲಸ. ಮನೆ ಲಷ್ಕರ್ ಮೊಹಲ್ಲಾದ ಒಂದು ಓಣಿಯಲ್ಲಿ. ಮದುವೆಯಾಗಿರಲಿಲ್ಲ. ತಂದೆ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದವರಂತೆ. ಕುಳ್ಳಗೆ, ದಪ್ಪಗೆ, ಬಿಳಿ ಸೀರೆಗೆ ಎರಡು ಸೇಫ್ಟಿಪಿನ್ನು. ಕೈ ಮಾತ್ರ ಮೈಗಿಂತ ದೊಡ್ಡದು. ಆ ಕೈಯಲ್ಲಿ ಹೊಟ್ಟೆಯ ಕೆಳಗೆ ಆಸರೆ ಕೊಟ್ಟು ಮಗುವನ್ನು ಮಗುಚಿ ಗಾಳಿಯಲ್ಲಿ ಹಿಡಿಯುತ್ತಿದ್ದರು, ಅರ್ಧ ನಿಮಿಷ. ತಾಯಂದಿರು ಬೆದರುತ್ತಿದ್ದರು. ಚುಚ್ಚುಮದ್ದಿಗೂ ಇದಕ್ಕೂ ಸಂಬಂಧವಿಲ್ಲ, ಯಾರೂ ಅವರಿಗೆ ಮಾಡಿ ಎಂದೂ ಹೇಳಿರಲಿಲ್ಲ. ಮಗು ಕತ್ತು ಎತ್ತಲು ನೋಡುತ್ತದೆಯೇ, ಕಾಲು ಒದೆಯುತ್ತದೆಯೇ ಎಂದು ನೋಡಿಯೇ ಸೂಜಿ ತೆಗೆಯುತ್ತಿದ್ದದ್ದು. ತಮ್ಮ ಕೋಣೆಗೆ ಬಂದ ಒಂದು ಮಗುವನ್ನೂ ಹಾಗೆ ಹಿಡಿಯದೆ ಕಳಿಸಿಲ್ಲ ಎಂದು ಒಮ್ಮೆ ಹೇಳಿದ್ದರು.

ನಮ್ಮ ಪುಟ್ಟಿಯನ್ನೂ ಹಾಗೆಯೇ ಹಿಡಿದರು. ಪುಟ್ಟಿ ನನ್ನ ತಮ್ಮನ ಮಗಳು. ಆಗ ಅವಳಿಗೆ ಹತ್ತು ವಾರ.

ನಮ್ಮ ಮನೆ ಚಾಮರಾಜಪುರಂನಲ್ಲಿ. ಮುತ್ತಜ್ಜ ಅರಮನೆಯ ಕಚೇರಿಯಲ್ಲಿದ್ದವರು. ದರ್ಬಾರಿನಲ್ಲಿ ಮೂರು ಗಂಟೆ ನಿಂತರೂ ಅವರ ರೆಪ್ಪೆ ಅಲುಗುತ್ತಿರಲಿಲ್ಲವಂತೆ. ಈ 'ಅಂತೆ'ಯ ಮೇಲೆ ನಮ್ಮ ಮನೆ ನಾಲ್ಕು ತಲೆಮಾರು ಬದುಕಿದೆ. ನಮ್ಮಲ್ಲಿ ಜೋರಾಗಿ ಮಾತಾಡುವುದು ತಪ್ಪು, ನಗುವುದು ತಪ್ಪು, ಹೆಜ್ಜೆ ಸಪ್ಪಳವಾದರೂ ತಪ್ಪು. ಅಂಥ ಮನೆಯಲ್ಲಿ ಅಳದ, ಒದೆಯದ, ಹಾಸಿದಲ್ಲಿ ಹಾಸಿದ ಹಾಗೇ ಇರುವ ಹೆಣ್ಣುಮಗು ಹುಟ್ಟಿತು. ನಮಗೆ ಹೆಮ್ಮೆ. ಬಂದವರಿಗೆಲ್ಲ ನನ್ನ ತಾಯಿ ತೋರಿಸುತ್ತಿದ್ದರು: "ನೋಡಿ, ಎಷ್ಟು ಗಂಭೀರ. ಥೇಟ್ ನಮ್ಮ ತಾತನ ಕಳೆ. ಹೆಣ್ಣು ಅಂದ್ರೆ ಹೀಗಿರಬೇಕು, ಮನೇಲಿ ಇದೆ ಅಂತಲೇ ಗೊತ್ತಾಗಬಾರದು."

ತಮ್ಮನ ಹೆಂಡತಿ ಒಂದೆರಡು ಸಲ ನನ್ನನ್ನು ಕೇಳಿದ್ದಳು. "ಅಕ್ಕ, ಕಾಲು ಆಡಿಸ್ತಾ ಇಲ್ಲ ಅಲ್ವಾ ಇವಳು?" ಅವಳು ನಮಗೆ ಹೊಸಬಳೇನಲ್ಲ, ನಮ್ಮ ಸೋದರತ್ತೆಯ ಮಗಳೇ. ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಸಮಾಧಾನದ ಮಾತೇ ಇರಬೇಕು. ಸಮಾಧಾನ ಹೇಳುವುದರಲ್ಲಿ ನಾವು ನಿಸ್ಸೀಮರು.

ಚುಚ್ಚುಮದ್ದಿನ ದಿನ ನಡೆದದ್ದು ನನ್ನ ನೆನಪಿನಲ್ಲಿ ಹೀಗಿತ್ತು: ಆ ನರ್ಸ್ ಮಗುವನ್ನು ಎಲ್ಲರೆದುರು ತಲೆಕೆಳಗು ಮಾಡಿ, "ಈ ಮಗೂಗೆ ನರದ ಕಾಯಿಲೆ ಇದೆ" ಎಂದು ಕೋಣೆಯೇ ಅದುರುವ ಹಾಗೆ ಕಿರುಚಿದರು. ಹೊರಗೆ ಸಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲ ನಮ್ಮನ್ನೇ ನೋಡಿದರು. ನನ್ನ ತಾಯಿ ಅತ್ತರು.

ಇದನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಈ ಲೇಖನಕ್ಕಾಗಿ ಆ ವರ್ಷದ ದಿನಚರಿ ತೆಗೆದೆ. ನೆನಪನ್ನು ನಂಬುವವಳಲ್ಲ ನಾನು, ಅದಕ್ಕೇ ಬರೆದಿಡುವುದು. ಅಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: "ಇಂದು ಪುಟ್ಟಿಗೆ ಸೂಜಿ. ಅಳಲೇ ಇಲ್ಲ, ಜಾಣೆ. ನರ್ಸ್ ನನ್ನೊಬ್ಬಳನ್ನು ಪಕ್ಕದ ಕೋಣೆಗೆ ಕರೆದು, ಬಾಗಿಲು ಹಾಕಿ, ಮೆಲ್ಲನೆ ಏನೇನೋ ಅಪಶಕುನದ ಮಾತು ಆಡಿದರು. ಅಮ್ಮನಿಗೆ ಹೇಳಿಲ್ಲ."

ಬಾಗಿಲು ಹಾಕಿದ್ದರು. ಮೆಲ್ಲನೆ ಹೇಳಿದ್ದರು.

ಹಾಗಾದರೆ ಆ ಕಿರುಚಾಟ ಎಲ್ಲಿಂದ ಬಂತು? ಎರಡು ದಿನ ಯೋಚಿಸಿದೆ. ಆಮೇಲೆ ಹೊಳೆಯಿತು. ಅದು ನಾನು ಬರೆದ ದೂರಿನಲ್ಲಿತ್ತು. "ಇತರ ರೋಗಿಗಳ ಸಮ್ಮುಖದಲ್ಲಿ, ಏರಿದ ದನಿಯಲ್ಲಿ" ಎಂದು ಬರೆದವಳು ನಾನೇ. ವಾಕ್ಯಕ್ಕೆ ತೂಕ ಬರಲಿ ಎಂದು ಸೇರಿಸಿದ್ದೆ. ಬರೆದದ್ದೇ ಆಮೇಲೆ ನೆನಪಾಗಿ ಕೂತಿತು. ನಡೆದದ್ದು ಹೊರಗೆ ಹೋಯಿತು.

ಆ ಮುಚ್ಚಿದ ಕೋಣೆಯಲ್ಲಿ ಅವರು ಹೇಳಿದ್ದು ಇಷ್ಟು. ಮಾತುಗಳು ಇವೇ ಎಂದು ಆಣೆ ಮಾಡಲಾರೆ, ವಿಷಯ ಮಾತ್ರ ಇದೇ.

"ಮೇಡಮ್ಮೋರೇ, ಓದಿದೋರು ನೀವು, ಅದಕ್ಕೇ ನಿಮಗೆ ಹೇಳ್ತಾ ಇದೀನಿ. ಕಾಲು ನೋಡಿ, ಕಪ್ಪೆ ಕಾಲಿನ ಹಾಗೆ ಬಿದ್ದುಕೊಂಡದೆ. ಉಸಿರು ಹೊಟ್ಟೇಲಿ ಆಡ್ತಾ ಇದೆ, ಎದೇಲಿ ಆಡ್ತಾ ಇಲ್ಲ. ಬಾಯಿ ತೆಗೆದು ನಾಲಿಗೆ ನೋಡಿ, ಒಳಗೆ ಹುಳ ಹರಿದ ಹಾಗೆ ಅದುರ್ತದೆ. ನನ್ನ ಸರ್ವೀಸಲ್ಲಿ ಇಂಥಾ ಮೂರು ಕೂಸು ನೋಡಿದೀನಿ. ಆವಾಗ ಮದ್ದು ಇರ್ಲಿಲ್ಲ, ಬಾಯಿ ಮುಚ್ಕೊಂಡಿದ್ದೆ. ಈಗ ಅದೆ. ಒಂದೇ ಸಲ ಕೊಡೋದು, ಎಷ್ಟು ಬೇಗ ಕೊಟ್ರೆ ಅಷ್ಟು. ನಾಳೆ ಬೇಡ, ಇವತ್ತೇ ಬೆಂಗಳೂರಿಗೆ ಕರ್ಕೊಂಡು ಹೋಗಿ, ನರದ ಡಾಕ್ಟ್ರಿಗೆ ತೋರಿಸಿ."

ಆಮೇಲೆ ಕೇಳಿದರು, "ನಿಮ್ಮ ಮನೇಲಿ ಹಿಂದೆ ಕೂಸುಗಳು ಹಿಂಗೆ ಹೋಗಿದ್ದಾವಾ?"

"ಇಲ್ಲ" ಎಂದೆ.

ನನಗಿಂತ ಮೊದಲು ನನ್ನ ತಾಯಿಗೆ ಒಂದು ಗಂಡುಮಗು ಹುಟ್ಟಿ ಏಳು ತಿಂಗಳಿಗೆ ತೀರಿಕೊಂಡಿತ್ತು. "ಅಳುತ್ತಲೇ ಇರಲಿಲ್ಲ ಪಾಪ, ಅಷ್ಟು ಸಾಧು. ದೇವರಿಗೇ ಬೇಕಾಯ್ತು" ಎಂದು ತಾಯಿ ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಆ ಕ್ಷಣದಲ್ಲಿ ನನಗೆ ಅದು ಹೊಳೆಯಲಿಲ್ಲವೇ, ಹೊಳೆದೂ ಮುಚ್ಚಿಟ್ಟೆನೇ? ದಿನಚರಿಯಲ್ಲಿ ಈ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿದವಳು. ವರ್ಷವರ್ಷವೂ ಕಪ್ಪು ಹಲಗೆಯ ಮೇಲೆ ನಾಲ್ಕು ಮನೆಯ ಚೌಕ ಬರೆದು ಬಟಾಣಿ ಗಿಡದ ಪಾಠ ಮಾಡಿದ್ದೇನೆ. ತಂದೆ ತಾಯಿ ಇಬ್ಬರಲ್ಲೂ ಒಂದು ದೋಷ ಅಡಗಿ ಕೂತಿದ್ದರೆ ನಾಲ್ಕರಲ್ಲಿ ಒಂದು ಮನೆಗೆ ಅದು ಬರುತ್ತದೆ, ರಕ್ತಸಂಬಂಧದಲ್ಲಿ ಮದುವೆಯಾದರೆ ಹಾಗಾಗುವ ಸಂಭವ ಹೆಚ್ಚು ಎಂದು ಮಕ್ಕಳ ಕೈಲಿ ಬಾಯಿಪಾಠ ಹೇಳಿಸಿದ್ದೇನೆ. ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಅದು.

ಅವತ್ತೇ ಸಂಜೆ ತಮ್ಮನೂ ನಾನೂ ಮಗುವನ್ನು ಎತ್ತಿಕೊಂಡು ನಮ್ಮ ಮಾಮೂಲಿ ಡಾಕ್ಟರ ಬಳಿ ಹೋದೆವು. ಹಿರಿಯರು, ತುಂಬ ಸೌಜನ್ಯದವರು, ನನ್ನ ತಂದೆಯ ಸ್ನೇಹಿತರು. ಮಗುವಿನ ಕೆನ್ನೆ ತಟ್ಟಿ, "ಕೆಲವು ಮಕ್ಕಳು ನಿಧಾನ ಕಣಮ್ಮ. ಆರು ತಿಂಗಳು ತುಂಬಲಿ, ನೋಡೋಣ" ಎಂದರು. ಬಾಯಿ ತೆರೆದು ನೋಡಲಿಲ್ಲ. ನರ್ಸ್ ಹೀಗೆ ಹೇಳಿದರು ಎಂದಾಗ ನಕ್ಕರು. "ಈಗ ನರ್ಸುಗಳೂ ಡಾಕ್ಟರಾಗಿಬಿಟ್ಟಿದ್ದಾರೆ." ನಾವೂ ನಕ್ಕೆವು. ಆ ನಗೆ ನನಗೆ ಚೆನ್ನಾಗಿ ನೆನಪಿದೆ. ದಿನಚರಿಯಲ್ಲೂ ಇದೆ.

ದೂರು ಬರೆಯಬೇಕೆಂದದ್ದು ತಮ್ಮ. ಬರೆದದ್ದು ನಾನು. ಇಂಗ್ಲಿಷಿನಲ್ಲಿ, ಎರಡು ಪುಟ. ಹಸುಗೂಸಿನ ಬಗ್ಗೆ ಅಮಂಗಳ ನುಡಿದರು, ಅರ್ಹತೆಯಿಲ್ಲದೆ ಕಾಯಿಲೆ ಇದೆ ಎಂದು ತೀರ್ಮಾನ ಹೇಳಿದರು, ಕುಟುಂಬದ ನೆಮ್ಮದಿ ಕೆಡಿಸಿದರು. ಅವರ ಪೂರ್ತಿ ಹೆಸರು ಮೂರು ಕಡೆ ಬರೆದೆ, ಇನಿಷಿಯಲ್ ಸಮೇತ. ತಮ್ಮ ಸಹಿ ಹಾಕಿದ. ಟ್ರಸ್ಟಿನಲ್ಲಿ ಗುರುತಿನವರಿದ್ದರು, ಹದಿನೈದು ದಿನದಲ್ಲಿ ಅವರನ್ನು ಚುಚ್ಚುಮದ್ದಿನ ಕೋಣೆಯಿಂದ ತೆಗೆದು ಹತ್ತಿ, ಬಟ್ಟೆ, ಕತ್ತರಿ ಹಬೆಯಲ್ಲಿ ಬೇಯಿಸಿ ಶುದ್ಧಮಾಡುವ ಕೋಣೆಗೆ ಹಾಕಿದರು. ನಿವೃತ್ತಿಗೆ ಇನ್ನೊಂದು ವರ್ಷವೂ ಇರಲಿಲ್ಲ. ಆ ಕೊನೆಯ ತಿಂಗಳುಗಳಲ್ಲಿ ಅವರ ಕೈಮೇಲೆ ಒಂದು ಮಗುವೂ ಮಲಗಲಿಲ್ಲ. ಅಷ್ಟು ತಿಂಗಳಲ್ಲಿ ಆ ಕೋಣೆಗೆ ಎಷ್ಟು ಮಕ್ಕಳು ಬಂದು ಹೋದವು, ಯಾವುದಾದರೂ ಮಗುವಿನ ಕಾಲು ಹಾಗೆ ಬಿದ್ದಿತ್ತೇ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನನ್ನ ಎರಡು ಪುಟದ ಕೆಲಸ ಅದು.

ಏಳನೆಯ ತಿಂಗಳಲ್ಲಿ ಪುಟ್ಟಿಗೆ ನೆಗಡಿಯಾಯಿತು. ಮೂರನೆಯ ದಿನಕ್ಕೆ ಮಗು ನೀಲಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರು ಅವಳ ಬಾಯಿ ತೆರೆದು, ಟಾರ್ಚು ಬಿಟ್ಟು, ಒಂದು ನಿಮಿಷ ನಾಲಿಗೆ ನೋಡಿದಳು. ರಕ್ತ ತೆಗೆಸಿದಳು. ಫಲಿತಾಂಶ ಬಂದ ಮೇಲೆ ಕೂರಿಸಿ ಹೇಳಿದಳು. ಬೆನ್ನುಹುರಿಯ ನರಕೋಶಗಳು ಬದುಕಲು ಒಂದು ಜೀನ್ ಬೇಕು, ಈ ಮಗುವಿನಲ್ಲಿ ಅದು ಇಲ್ಲ. ಆ ಕೋಶಗಳು ಒಂದೊಂದೇ ಸಾಯುತ್ತಿವೆ, ಅವು ಸತ್ತ ಹಾಗೆ ಸ್ನಾಯುಗಳು ಸೋಲುತ್ತವೆ. ಇದಕ್ಕೆ ಈಗ ಜೀನ್ ಚಿಕಿತ್ಸೆ ಇದೆ. ಒಂದು ವೈರಸ್ಸಿನ ಒಳಗಿರುವುದನ್ನು ತೆಗೆದುಹಾಕಿ, ಇಲ್ಲದಿರುವ ಜೀನನ್ನು ಅದರಲ್ಲಿ ತುಂಬಿ, ಒಂದೇ ಒಂದು ಸಲ ರಕ್ತಕ್ಕೆ ಹರಿಸುವುದು. "ಆದರೆ ಸತ್ತುಹೋದ ಕೋಶ ಎದ್ದು ಬರುವುದಿಲ್ಲ. ಎಷ್ಟು ಉಳಿದಿದೆಯೋ ಅಷ್ಟನ್ನು ಉಳಿಸಿಕೊಳ್ಳಬಹುದು, ಅಷ್ಟೆ."

ಆಮೇಲೆ ಕೇಳಿದಳು, "ಮೊದಲು ಯಾರೂ ನಿಮಗೆ ಹೇಳಲಿಲ್ಲವಾ?"

ತಮ್ಮ ನನ್ನ ಮುಖ ನೋಡಿದ. ನಾನು ಎರಡನೆಯ ಸಲ "ಇಲ್ಲ" ಎಂದೆ. ಇದರ ಬಗ್ಗೆ ಯಾವ ಸಂಶಯವೂ ಇಲ್ಲ, ನೆನಪು ಮತ್ತು ದಿನಚರಿ ಎರಡೂ ಒಂದೇ ಹೇಳುತ್ತವೆ.

ಕೋಟಿಗಟ್ಟಲೆ ಬೆಲೆಯ ಆ ಔಷಧಿ ಹೇಗೆ ಸಿಕ್ಕಿತು ಎನ್ನುವುದು ಬೇರೆ ಕತೆ. ಗೊತ್ತಿಲ್ಲದ ಜನ ನೂರಾರು ಊರುಗಳಿಂದ ಕೈಹಿಡಿದರು. ಆದರೂ ಅದಕ್ಕೆ ಎರಡು ತಿಂಗಳು ಹಿಡಿಯಿತು. ಒಂಬತ್ತನೆಯ ತಿಂಗಳಲ್ಲಿ, ಪುಟ್ಟಿಯ ಕೈಯ ಸಣ್ಣ ರಕ್ತನಾಳದೊಳಗೆ, ಸುಮಾರು ಒಂದು ಗಂಟೆ ಕಾಲ, ನೀರಿನ ಹಾಗೆ ಕಾಣುವ ಅದು ಇಳಿಯಿತು. ಆ ಗಂಟೆ ಮುಗಿದ ಮೇಲೆ ನನ್ನ ತಾಯಿ ಕೈಮುಗಿದರು. ನಾನು ಲೆಕ್ಕ ಹಾಕುತ್ತ ಕೂತಿದ್ದೆ. ಹತ್ತು ವಾರ ಎಲ್ಲಿ, ಒಂಬತ್ತು ತಿಂಗಳು ಎಲ್ಲಿ.

ಆಗಲೇ ಕರೆದುಕೊಂಡು ಹೋಗಿದ್ದರೆ ನಡೆಯುತ್ತಿದ್ದಳೇ ಎಂದು ಆ ಡಾಕ್ಟರನ್ನು ಕೇಳಿದ್ದೇನೆ. "ಹಾಗೆ ಹೇಳಲಿಕ್ಕೆ ಆಗೋದಿಲ್ಲ" ಎಂದಳು. ಪ್ರಾಮಾಣಿಕ ಉತ್ತರ. ನನಗೆ ಅದರಿಂದ ಬಿಡುಗಡೆ ಸಿಗಲಿಲ್ಲ.

ಊರಿಗೆ ಮರಳಿದ ಮೇಲೆ ದಿನಾ ಎದೆ ತಟ್ಟಿ ಕಫ ಸಡಿಲಿಸುವವರು ಬೇಕು ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳಿದ್ದರು. ತಮ್ಮನ ಹೆಂಡತಿ ಯಾರಿಗೂ ಹೇಳದೆ ಲಷ್ಕರ್ ಮೊಹಲ್ಲಾಕ್ಕೆ ಹೋಗಿ, ಓಣಿ ಓಣಿ ಕೇಳಿ, ಆಗಷ್ಟೇ ನಿವೃತ್ತರಾಗಿದ್ದ ಆ ನರ್ಸ್ ಮನೆಯ ಬಾಗಿಲು ತಟ್ಟಿದಳು. ಏನು ಮಾತಾಡಿದಳೋ ಇವತ್ತಿಗೂ ನನಗೆ ಹೇಳಿಲ್ಲ. ಮಾರನೆಯ ಬೆಳಿಗ್ಗೆ ಅವರು ಚರ್ಚಿನ ಪೂಜೆ ಮುಗಿಸಿಕೊಂಡು ಬಂದು ನಮ್ಮ ಗೇಟಿನಲ್ಲಿ ನಿಂತಿದ್ದರು. ಮೂರು ವರ್ಷ, ಭಾನುವಾರ ಬಿಟ್ಟು ದಿನಾ ಬಂದರು.

ಬಂದು ನಮ್ಮನ್ನು ಬೈದರು. ಕಿಟಕಿ ಮುಚ್ಚಿದ್ದಕ್ಕೆ ಬೈದರು, ಮಗುವಿಗೆ ಉಣ್ಣೆ ಟೋಪಿ ಹಾಕಿದ್ದಕ್ಕೆ ಬೈದರು, ಅದರ ಮುಂದೆ ಪಿಸುಗುಟ್ಟಿದ್ದಕ್ಕೆ ಬೈದರು. "ಇದೇನು ಮನೇನಾ, ಲೈಬ್ರರೀನಾ?" ಬೋಗುಣಿಯ ಹಾಗೆ ಕೈ ಬಾಗಿಸಿಕೊಂಡು ಪುಟ್ಟಿಯ ಬೆನ್ನಿಗೆ ಡಬ್ ಡಬ್ ಎಂದು ಬಡಿಯುವಾಗ ನನ್ನ ತಾಯಿ ಒಳಗೆ ಹೋಗಿ ಕಿವಿ ಮುಚ್ಚಿಕೊಳ್ಳುತ್ತಿದ್ದರು. "ಏನ್ ದೊಡ್ಡಮ್ಮೋರೇ, ನಿಮ್ಮ ಬೆನ್ನಿಗೂ ಎರಡು ಹಾಕ್ಲಾ? ಬುಡಿ, ಮಗಾನೇ ನಗ್ತಾ ಅದೆ."

ನನ್ನ ತಾಯಿ ಅವರ ಕಾಫಿಗೆಂದು ಒಂದು ಸ್ಟೀಲ್ ಲೋಟವನ್ನು ಬೇರೆ ಗೂಡಿನಲ್ಲಿ ಇಟ್ಟಿದ್ದರು. ಹೌದು, ಈ ಕಾಲದಲ್ಲಿ, ನಮ್ಮ ಮನೆಯಲ್ಲಿ. ನನಗೆ ಅದು ಗೊತ್ತಿತ್ತು, ಸುಮ್ಮನಿದ್ದೆ. ಎರಡನೆಯ ವಾರ ಅವರು ಆ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ದೊಡ್ಡಮ್ಮೋರೇ, ಇದು ನಂದೇ ಅಂತ ಬೇರೆ ಇಟ್ಟಿದೀರಲ್ಲ, ಪಾತ್ರೆ ಅಂಗಡೀಲಿ ನನ್ನ ಹೆಸರು ಕೆತ್ತಿಸಿಬುಡಿ. ಕಳೆದುಗಿಳೆದು ಹೋದಾತು." ತಾಯಿಯ ಮುಖ ಕೆಂಪಾಯಿತು. ಮಾರನೆಯ ದಿನ ಆ ಲೋಟ ಉಳಿದ ಲೋಟಗಳ ಜೊತೆ ಇತ್ತು.

ಹಳೆಯ ಡಾಕ್ಟರು ಒಂದು ಮದುವೆಯಲ್ಲಿ ಸಿಕ್ಕಿ, "ನಮ್ಮ ಕೈಲಿ ಏನಿದೆ ಕಣಮ್ಮ, ಎಲ್ಲ ಅವನ ಇಚ್ಛೆ" ಎಂದದ್ದನ್ನು ಇವರಿಗೆ ಹೇಳಿದೆ.

"ಅವರ ಕೈಲಿ ಟಾರ್ಚ್ ಇತ್ತಲ್ಲ ಮೇಡಮ್ಮೋರೇ," ಎಂದರು. "ದೇವರನ್ನ ಯಾಕೆ ಎಳೀತಾರೆ ಇದಕ್ಕೆ?"

ದೂರು ಬರೆದವಳು ನಾನು ಎಂದು ಹೇಳಲು ನನಗೆ ಒಂದು ವರ್ಷ ಬೇಕಾಯಿತು. ಒಂದು ಬೆಳಿಗ್ಗೆ ಅವರು ಪುಟ್ಟಿಯ ಕಾಲಿಗೆ ಎಣ್ಣೆ ನೀವುತ್ತಿದ್ದಾಗ ಹೇಳಿದೆ. ಅವರು ತಲೆ ಎತ್ತಲಿಲ್ಲ.

"ಗೊತ್ತು. ಆಫೀಸಲ್ಲಿ ನಂಗೆ ಓದಿ ಹೇಳಿದ್ರು. ಅಷ್ಟು ಚೆಂದಾಗಿ ಬರೆಯೋರು ನಿಮ್ಮ ಮನೇಲಿ ಇನ್ಯಾರವ್ರೆ?"

"ನನ್ನನ್ನ ಕ್ಷಮಿಸಬೇಕು," ಎಂದೆ.

"ಕ್ಷಮಿಸೋದು ಭಾನುವಾರದ ಕೆಲಸ. ಇವತ್ತು ಮಂಗಳವಾರ. ಆ ಇನ್ನೊಂದು ಕಾಲು ಹಿಡ್ಕೊಳ್ಳಿ."

ಹಿಡಿದುಕೊಂಡೆ. ಎಣ್ಣೆ ನೀವುತ್ತಲೇ ಅವರು ಹೇಳಿದರು, "ದಿನಾ ಏನೋ ಬರೀತೀರಂತಲ್ಲ, ಈ ಕೂಸಿನ ಅಮ್ಮ ಹೇಳ್ತಿತ್ತು. ನನ್ನ ಹೆಸರು ಮಾತ್ರ ಬರೀಬೇಡಿ. ಒಂದು ಸಲ ಬರೆದಿದ್ದು ಸಾಕು."

ಭಾನುವಾರಗಳು ಎಷ್ಟೋ ಬಂದು ಹೋದವು. ಕ್ಷಮಿಸಿದರೋ ಇಲ್ಲವೋ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಅವರದೊಂದು ನಿಯಮವಿತ್ತು. ಪುಟ್ಟಿಗೆ ಮಾತು ಬಂದ ಮೇಲೆ ಶುರುಮಾಡಿದ್ದು. ಬೆಳಿಗ್ಗೆ ಬಂದು ಗೇಟಿನ ಚಿಲಕ ಅಲ್ಲಾಡಿಸಿ ಹೊರಗೇ ನಿಲ್ಲುವರು. ಒಳಗಿನ ಕೋಣೆಯಿಂದ ಪುಟ್ಟಿ "ಸಿಸ್ಟರಜ್ಜೀ" ಎಂದು ಕೂಗಬೇಕು. ಆ ಕೂಗು ಗೇಟಿಗೆ ಕೇಳುವವರೆಗೂ ಒಳಗೆ ಹೆಜ್ಜೆ ಇಡುತ್ತಿರಲಿಲ್ಲ. ಮೊದಮೊದಲು ಹಾಸಿಗೆಯಿಂದ ಬಾಗಿಲಿಗೆ ದನಿ ಮುಟ್ಟುವುದೇ ಕಷ್ಟವಾಗಿತ್ತು. ಬಿಸಿಲಿನಲ್ಲಿ ಕಾಲುಗಂಟೆ ನಿಂತಿರುತ್ತಿದ್ದರು. ನನ್ನ ತಾಯಿ ಕಿಟಕಿಯಿಂದ, "ಬನ್ನಿ ಸಿಸ್ಟರ್, ಮಗು ಕರೀತಿದೆ" ಎಂದರೆ, "ನೀವು ಕರೆದ್ರೆ ನಾನ್ಯಾಕೆ ಬರ್ಲಿ? ನಮ್ಮಪ್ಪ ಕಹಳೆ ಊದಿದ್ರೆ ಮೂರು ಬೀದಿಗೆ ಕೇಳ್ತಿತ್ತು. ಇದು ಗೇಟಿಗೆ ಊದ್ಲಿ ನೋಡಣ" ಎನ್ನುತ್ತಿದ್ದರು.

ಪುಟ್ಟಿಗೆ ಈಗ ನಾಲ್ಕು ವರ್ಷ. ನಡೆಯುವುದಿಲ್ಲ. ಗಾಲಿಕುರ್ಚಿಯಲ್ಲಿ ಬೆಲ್ಟು ಕಟ್ಟಿದರೆ ನೆಟ್ಟಗೆ ಕೂರುತ್ತಾಳೆ. ಕೈ ಎದೆಯವರೆಗೆ ಏರುತ್ತದೆ, ತಲೆಗೆ ಏರುವುದಿಲ್ಲ. ಆದರೆ ಕೂಗುತ್ತಾಳೆ. ಎದುರುಮನೆಯವರಿಗೂ ಅವಳ ಕೂಗು ಕೇಳುತ್ತದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಗೇಟು ಅಲ್ಲಾಡಲಿಲ್ಲ. ಪುಟ್ಟಿ ಆದರೂ ಕೂಗಿದಳು. ಮಧ್ಯಾಹ್ನ ಸುದ್ದಿ ಬಂತು: ಬೆಳಿಗ್ಗೆ ಪೂಜೆಗೆ ಹೊರಟವರು ಹೊಸ್ತಿಲಲ್ಲೇ ಕುಸಿದರಂತೆ. ಮಗುವನ್ನು ಚರ್ಚಿಗೆ ಕರೆದುಕೊಂಡು ಹೋಗುವುದು ಬೇಡ ಎಂದು ತಾಯಿ, ಹೋಗಲೇಬೇಕು ಎಂದು ತಮ್ಮನ ಹೆಂಡತಿ. ಅವಳು ಈಗ ನಮ್ಮ ಮಾತು ಕೇಳುವುದಿಲ್ಲ, ಒಳ್ಳೆಯದೇ ಆಯಿತು. ಹಿಂದಿನ ಸಾಲಿನ ಪಕ್ಕದಲ್ಲಿ ಕುರ್ಚಿ ನಿಲ್ಲಿಸಿಕೊಂಡು ಕೂತೆವು. ಮುಂದೆ ಪೆಟ್ಟಿಗೆ. ಫಾದರ್ ಓದುತ್ತಿದ್ದರು: ಬಹಳ ಶಾಂತ ಸ್ವಭಾವದವರು, ಯಾರಿಗೂ ಒಂದು ಎದುರು ಮಾತು ಆಡಿದವರಲ್ಲ.

"ಸಿಸ್ಟರಜ್ಜೀ."

ಜನ ತಿರುಗಿ ನೋಡಿದರು. ಪುಟ್ಟಿ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಸ್ವಲ್ಪ ಕಾದಳು. ದನಿ ಮುಟ್ಟಲಿಲ್ಲ ಎಂದುಕೊಂಡಿರಬೇಕು. ಹೊಟ್ಟೆಯಿಂದ ಉಸಿರು ಎಳೆದುಕೊಂಡು ಇನ್ನೂ ಜೋರಾಗಿ ಕೂಗಿದಳು. ಮತ್ತೆ ಕಾದಳು. ಮತ್ತೆ ಕೂಗಿದಳು.

ನನ್ನ ತಾಯಿ ಬೆರಳನ್ನು ತುಟಿಯ ಮೇಲಿಟ್ಟು ಬಗ್ಗಿದರು. "ಶ್, ಕಂದ. ಸುಮ್ಮನಿರು. ಇಲ್ಲಿ ಗಲಾಟೆ ಮಾಡಬಾರದು."

ನಾನು ತಾಯಿಯ ಕೈಯನ್ನು ಹಿಡಿದು ಕೆಳಗಿಳಿಸಿದೆ. ಆ ಮನೆಯಲ್ಲಿ ಹುಟ್ಟಿ ಐವತ್ತಾರು ವರ್ಷಕ್ಕೆ ಮೊದಲ ಸಲ ನಾಲ್ಕು ಜನರ ಎದುರು ದನಿ ಏರಿಸಿದೆ.

"ಕೂಗಲಿ ಬಿಡಮ್ಮ."

ಫಾದರ್ ಓದುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು. ಪುಟ್ಟಿ ನಾಲ್ಕನೆಯ ಸಲಕ್ಕೆ ಉಸಿರು ತುಂಬಿಕೊಳ್ಳುತ್ತಿದ್ದಳು.